ಮೊದಲು ಯಾರ ನೋಟ್‌ಬುಕ್

ಜೂನ್ 11, ಶನಿವಾರ

ಗುಂಡನಿಗೆ ಆಶೀರ್ವಾದ.

ಸಂಜೆ ಐದೂ ಕಾಲು. ತರಬೇತಿ ಕೇಂದ್ರದ ಕುರ್ಚಿಗಳನ್ನು ಒಳಗಿಟ್ಟು, ಲೋಟ ತೊಳೆದು ಬೋರಲು ಹಾಕಿ ಈಗ ಕೂತೆ. ಇವತ್ತು ಎರಡನೇ ಶನಿವಾರ. ನಿನ್ನ ಅಕ್ಕ ಏಪ್ರಿಲ್‌ನಲ್ಲಿ ತೀರಿಹೋದ ಮೇಲೆ, ಬೇಸಿಗೆ ರಜೆ ಕಳೆದು ಬಂದ ಮೊದಲ ಸಭೆಯ ದಿನ. ಸಭೆ ಇಲ್ಲ ಎಂದು ನಾನು ಯಾರಿಗೂ ತಿಳಿಸಿರಲಿಲ್ಲ. ಮರೆತೆ ಎಂದು ಅವರಿಗೆ ಹೇಳಿದೆ. ಮರೆತಿರಲಿಲ್ಲ. ಕೈ ಬಂದಿರಲಿಲ್ಲ ಅಷ್ಟೆ.

ಹನ್ನೊಂದು ಜನ ಟೀಚರುಗಳು ಬಂದರು. ಎಂದಿನ ಹಾಗೆ ಒಬ್ಬೊಬ್ಬರ ಕೈಯಲ್ಲೂ ತಮ್ಮ ತರಗತಿಯ ಒಂದು ಮಗುವಿನ ನೋಟ್‌ಬುಕ್. ಮೇಜಿನ ಸುತ್ತ ಕೂತರು. ಅವಳ ಕುರ್ಚಿಯನ್ನು ಬಿಟ್ಟು ಕೂತರು. ಹತ್ತು ನಿಮಿಷ ತಮ್ಮ ತಮ್ಮ ನೋಟ್‌ಬುಕ್ಕಿನ ಪುಟ ತಿರುವಿದರು. ಆಮೇಲೆ ಗಣಿತದ ಮೇಷ್ಟ್ರು ನನ್ನ ಕಡೆ ತಿರುಗಿ, "ನೀವೇ ಶುರು ಮಾಡಿ ಅಣ್ಣ. ಹನ್ನೊಂದು ವರ್ಷ ಟೀ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸ್ಕೊಂಡಿದೀರಲ್ಲ" ಅಂದರು.

"ಬಾಗಿಲಲ್ಲಿ ನಿಂತೋರೆಲ್ಲ ಮೇಷ್ಟ್ರಾಗಂಗಿದ್ರೆ, ನಿಮ್ಮ ಶಾಲೇಲಿ ಗಂಟೆ ಹೊಡೆಯೋನು ಇಷ್ಟೊತ್ತಿಗೆ ಹೆಡ್‌ಮಾಸ್ಟರ್ ಆಗಿರ್ತಿದ್ದ" ಅಂದೆ. ಎಲ್ಲರೂ ನಕ್ಕರು. ನಕ್ಕ ಮೇಲೆ ಒಬ್ಬೊಬ್ಬರಾಗಿ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು.

ಎರಡು ಬಸ್ಸಿನ ಮೇಡಂ ನಿನಗೆ ನೆನಪಿರಬೇಕು. ಎರಡು ಬಸ್ಸು ಬದಲಿಸಿ ಬರುತ್ತಾಳೆಂದು ನಿನ್ನ ಅಕ್ಕ ಇಟ್ಟ ಹೆಸರು. ಒಂದೇ ಕೋಣೆ, ಐದು ತರಗತಿ, ಇವಳೊಬ್ಬಳೇ ಟೀಚರು. ಹೊರಡುವಾಗ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡು ನಿಂತಳು. "ನೂರ ಐದು ಅಂದ್ರೆ 1005 ಅಂತ ಬರೀತಾನೆ ಅಣ್ಣ. ಮೂರು ಸಲ ಹೇಳ್ಕೊಟ್ಟೆ. ಮೇಡಂ ಇದ್ದಿದ್ರೆ ಏನಂತಿದ್ರು?" ಎಂದಳು. ಹತ್ತನೇ ತರಗತಿ ದಾಟದ ಅಟೆಂಡರ್ ನಾನು, ಏನು ಹೇಳಲಿ? ಟೀ ಕುಡಿದು ಹೋಗಮ್ಮ ಅಂದೆ.

ಹಾಜರಿ ಪಟ್ಟಿ ಮತ್ತು ಹನ್ನೊಂದು ಅನಿಸಿಕೆ ಫಾರಂಗಳನ್ನು ಎಂದಿನಂತೆ ನಿನ್ನ ಕಚೇರಿಗೆ ಹೋಗುವ ತಪಾಲು ಚೀಲಕ್ಕೆ ಹಾಕಿದ್ದೇನೆ. ಈ ಕಾಗದವನ್ನೂ ಅದರಲ್ಲೇ ಇಡುತ್ತೇನೆ. ಫೋನ್ ಮಾಡಬೇಡ. ಅದು ಹೊಡೆದುಕೊಂಡರೆ ಅವಳೇ ಎತ್ತಲಿ ಎಂದು ಈಗಲೂ ಕಾಯುತ್ತೇನೆ.

ನಿನ್ನ ಭಾವ


ಜೂನ್ 20

ಭಾವನವರಿಗೆ ನಮಸ್ಕಾರಗಳು.

ಚೀಲ ತಲುಪಿತು. ಸಭೆಯೇ ನಡೆಯಲಿಲ್ಲ ಎಂದು ನೀವು ಬರೆದಿದ್ದೀರಿ. ಆದರೆ ಹನ್ನೊಂದು ಫಾರಂಗಳಲ್ಲೂ 'ಅತ್ಯುತ್ತಮ' ಎಂಬ ಕಡೆ ಗುರುತಿದೆ. ಅಕ್ಕನ ಮೇಲಿನ ಪ್ರೀತಿಗೆ ಹಾಗೆ ಬರೆದಿರಬೇಕು. ನನ್ನ ಮೇಜಿನ ಮುಂದೆ ಕೂತು ಅವನ್ನು ಒಂದೊಂದಾಗಿ ತಿರುವಿದೆ. ಪಕ್ಕದವರು ನೆಗಡಿಯಾ ಎಂದು ಕೇಳಿದರು. ಹೌದು ಅಂದೆ.

ಭಾವ, ಒಂದು ಕಷ್ಟದ ವಿಷಯವಿದೆ. ಶನಿವಾರದ ಸಭೆಗಳನ್ನು ಎಲ್ಲ ಕೇಂದ್ರಗಳಲ್ಲೂ ನಿಲ್ಲಿಸುವ ಮಾತು ನಡೆಯುತ್ತಿದೆ. "ಹನ್ನೆರಡು ಜನ ಕೂತು ಹರಟೆ ಹೊಡೆಯೋದಕ್ಕೆ ತರಬೇತಿ ಅಂತಾರೇನ್ರಿ? ಬರಹದಲ್ಲಿ ಏನಿದೆ ತೋರಿಸಿ" ಎಂದು ನಮ್ಮ ನಿರ್ದೇಶಕರು ನನ್ನನ್ನೇ ಕೇಳಿದರು. ಅಕ್ಕನ ಸಭೆ ಹೇಗೆ ನಡೆಯುತ್ತಿತ್ತೆಂದು ವಿವರಿಸಲು ಹೋದೆ. ಇಷ್ಟು ವರ್ಷ ತರಬೇತಿ ಪುಸ್ತಕ ಬರೆದವನಿಗೆ ನಾಲಿಗೆ ತಡವರಿಸಿತು. ನಾನು ಒಂದು ಸಭೆಯನ್ನೂ ಕೂತು ನೋಡಿಲ್ಲವಲ್ಲ.

ಆದ್ದರಿಂದ ಅಕ್ಕನ ಯೋಜನೆಗಳನ್ನೆಲ್ಲ ಕಳುಹಿಸಿ. ಪ್ರತಿ ಸಭೆಗೂ ಏನೋ ಬರೆದುಕೊಳ್ಳುತ್ತಿದ್ದಳಲ್ಲ, ಗಂಟೆ, ನಿಮಿಷ, ಚಟುವಟಿಕೆ, ಪ್ರಶ್ನೆ. ಜುಲೈ ಹತ್ತರೊಳಗೆ ನನ್ನ ಕೈಗೆ ಬಂದರೆ ಸಭೆಯನ್ನು ಉಳಿಸಬಹುದು. ಅಕ್ಕನ ಹೆಸರಿನಲ್ಲೇ ಒಂದು ಕೈಪಿಡಿ ಮಾಡುತ್ತೇನೆ.

ಆಸ್ಪತ್ರೆಯ ಆ ಮೂರು ವಾರ ನಾನು ಬರಲಿಲ್ಲ. ನೀವು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ.

ನಿಮ್ಮ
ಗುಂಡ


ಜೂನ್ 27. ಈ ಹಾಳೆಯನ್ನು ಚೀಲಕ್ಕೆ ಹಾಕಲಿಲ್ಲ.

ಗುಂಡ,

ಮಧ್ಯಾಹ್ನ ಮೂರು. ನಾಲ್ಕು ದಿನದಿಂದ ಹುಡುಕುತ್ತಿದ್ದೇನೆ. ಅವಳ ಕಪಾಟು, ಟ್ರಂಕು, ಶಾಲೆಯ ಮೇಜಿನ ಖಾನೆ, ಹ್ಯಾಂಡ್‌ಬ್ಯಾಗು. ಸಿಕ್ಕಿದ್ದು ಸೀಮೆಸುಣ್ಣದ ತುಂಡುಗಳು, ಎರಡು ಕನ್ನಡಕ, ಮಕ್ಕಳ ಚೀಟಿಗಳು, ನಾನು ಕಳೆದುಹೋಯಿತು ಎಂದುಕೊಂಡಿದ್ದ ಛತ್ರಿಯ ಹಿಡಿ. ಯೋಜನೆ ಎಂಬ ಒಂದು ಹಾಳೆಯೂ ಇಲ್ಲ.

ಅವಳು ಬರೆದುಕೊಳ್ಳುತ್ತಲೇ ಇರಲಿಲ್ಲ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಕೇಂದ್ರಕ್ಕೆ ಬಂದು, ಖಾಲಿ ಕೋಣೆಯಲ್ಲಿ ಒಬ್ಬಳೇ ಕೂತು, ಕುರ್ಚಿಗಳನ್ನು ಅತ್ತ ಇತ್ತ ಸರಿಸುತ್ತಿದ್ದಳು. ಒಮ್ಮೆ, "ಏನೇ ಅದು, ಅಷ್ಟೊಂದು ಪ್ಲಾನು?" ಎಂದು ಕೇಳಿದೆ. "ಯಾರ ಪಕ್ಕ ಯಾರು ಕೂತ್ರೆ ಯಾರಿಗೂ ಅಳು ಬರಲ್ಲ ಅಂತ ನೋಡ್ತಿದೀನಿ" ಅಂದಳು. ಇದನ್ನು ನಿನ್ನ ನಿರ್ದೇಶಕರಿಗೆ ಹೇಗೆ ಕಳುಹಿಸಲಿ?

ಇಲ್ಲ ಎಂದು ಬರೆದರೆ ಸಭೆ ನಿಲ್ಲುತ್ತದೆ. ನನ್ನ ದಿನಚರಿ ಪುಸ್ತಕಗಳಿವೆ, ಹನ್ನೊಂದು ವರ್ಷದ್ದು. ಎಷ್ಟು ಹೊತ್ತಿಗೆ ಶುರುವಾಯಿತು, ಯಾವಾಗ ಟೀ ಒಳಗೆ ಹೋಯಿತು, ಒಳಗಿನಿಂದ ಏನು ಕೇಳಿಸಿತು, ಎಲ್ಲ ಬರೆದಿಟ್ಟಿದ್ದೇನೆ. ಅದನ್ನೇ ನೋಡಿ ಹದಿನಾರು ಪುಟ ಬರೆದೆ. ಅವಳದ್ದೆಂದು ಕಳುಹಿಸುತ್ತೇನೆ.

ಒಂದನ್ನು ಮಾತ್ರ ಬಿಟ್ಟೆ. ಪ್ರತಿ ಸಭೆಯಲ್ಲೂ ಮೊದಲು ಮೇಜಿನ ಮೇಲೆ ಬೀಳುತ್ತಿದ್ದುದು ಅವಳದೇ ತರಗತಿಯ ನೋಟ್‌ಬುಕ್. "ನೋಡಿ, ನಾನು ಹೇಗೆ ಕೆಡಿಸಿದೀನಿ ಈ ಮಗೂನ" ಎಂದು ಶುರು ಮಾಡುತ್ತಿದ್ದಳು. ಎಲ್ಲರೂ ಸೇರಿ ಅವಳ ತಪ್ಪು ಹುಡುಕುತ್ತಿದ್ದರು, ನಗುತ್ತಿದ್ದರು, ಆಮೇಲೆ ತಮ್ಮದನ್ನು ತಾವೇ ಮುಂದೆ ಸರಿಸುತ್ತಿದ್ದರು. ಅದನ್ನು ಬರೆದು, ಮತ್ತೆ ಹೊಡೆದುಹಾಕಿದೆ. ಅವಳ ಹೆಸರಿನ ಪುಸ್ತಕದಲ್ಲಿ ಅವಳ ತಪ್ಪುಗಳು ಬರುವುದು ಬೇಡ. ಸತ್ತವಳು ಎದ್ದು ಬಂದು ಇದು ಹೀಗಲ್ಲ, ಹಾಗೆ ಎಂದು ಸಮಜಾಯಿಷಿ ಕೊಡುವುದಿಲ್ಲ.

ಕೊನೆಯ ವಾರ ಎರಡು ಸಲ ಕೇಳಿದಳು. "ಗುಂಡ ಬಂದ್ನಾ?" ಬಸ್ಸಲ್ಲಿದಾನೆ ಅಂದೆ.


ಜೂನ್ 28

ಗುಂಡನಿಗೆ,

ಹದಿನಾರು ಪುಟ ಇಟ್ಟಿದ್ದೇನೆ. ಅವಳ ಅಕ್ಷರ ಕೋಳಿ ಕೆದರಿದ ಹಾಗೆ, ನಿನಗೆ ಗೊತ್ತಲ್ಲ. ಅದಕ್ಕೇ ನಾನು ನಕಲು ಮಾಡಿದೆ. ಮೂಲ ಹಾಳೆಗಳು ನನ್ನ ಹತ್ತಿರ ಇರಲಿ.

ಸಭೆ ಉಳಿದರೆ ಸಾಕು. ಎರಡು ಬಸ್ಸಿನ ಮೇಡಂ ಮೊನ್ನೆ ಸುಮ್ಮನೆ ಬಂದು ಖಾಲಿ ಕೋಣೆಯಲ್ಲಿ ಅರ್ಧ ಗಂಟೆ ಕೂತು ಹೋದಳು. "ನಮ್ಮೂರಲ್ಲಿ ಪಾಠದ ಬಗ್ಗೆ ಮಾತಾಡೋಕೆ ಇರೋದು ಒಂದೇ ಒಂದು ಗೋಡೆ ಅಣ್ಣ. ಅದೂ ಬಿರುಕು ಬಿಟ್ಟಿದೆ" ಅಂದಳು. ನಗಿಸಲಿಕ್ಕೆ ಹೇಳಿದ್ದು. ನಾನೂ ನಕ್ಕೆ.

ನಿನ್ನ ಭಾವ


ಜುಲೈ 18

ಭಾವ,

ನಿಮಗೆ ಹೇಗೆ ಹೇಳಲಿ! ಹದಿನಾರು ಪುಟವನ್ನು ಎರಡು ಸಲ ಓದಿದೆ. ನಿರ್ದೇಶಕರೂ ಓದಿದರು. "ಯಾರ್ರೀ ಇವರು, ಇಷ್ಟು ಅಚ್ಚುಕಟ್ಟಾಗಿ ಬರೆದಿರೋರು?" ಎಂದು ಕೇಳಿದರು. ನನ್ನ ಅಕ್ಕ ಎಂದೆ. ಹೇಳುವಾಗ ಎದ್ದು ನಿಂತಿದ್ದೆ, ಯಾಕೋ.

ಕೆಲವು ಕಡೆ ಅರ್ಥವಾಗಲಿಲ್ಲ. 'ಹತ್ತು ನಿಮಿಷ ಸುಮ್ಮನೆ ಪುಟ ತಿರುವುವುದು' ಎಂದಿದೆ. ಅದಕ್ಕೆ ಉದ್ದೇಶ ಬರೆದಿಲ್ಲವಾದ್ದರಿಂದ ಎರಡು ನಿಮಿಷ ಮಾಡಿದೆ. ಚಹಾ ವಿರಾಮ ನಲವತ್ತು ನಿಮಿಷ ಎಂದಿರುವುದು ಬರವಣಿಗೆಯ ತಪ್ಪಿರಬೇಕು. ಹತ್ತು ಎಂದು ತಿದ್ದಿದೆ. ಮೊದಲು ಯಾರ ನೋಟ್‌ಬುಕ್ ನೋಡಬೇಕೆಂದು ಎಲ್ಲೂ ಇಲ್ಲ. ಹಾಗಾಗಿ 'ತರಬೇತುದಾರರು ಒಬ್ಬ ಶಿಕ್ಷಕರ ನೋಟ್‌ಬುಕ್ ಆಯ್ದು ಪರದೆಯ ಮೇಲೆ ತೋರಿಸುವುದು' ಎಂದು ಸೇರಿಸಿದೆ. ಆದರೆ ಆ ಪ್ರಶ್ನೆಯ ಒಂದಕ್ಷರವನ್ನೂ ಮುಟ್ಟಿಲ್ಲ: ಈ ಮಗು ಏನು ಅಂದುಕೊಂಡು ಹೀಗೆ ಬರೆದಿದೆ? ಅದು ಅಕ್ಕನ ಧ್ವನಿಯಲ್ಲೇ ಕೇಳಿಸುತ್ತದೆ.

ಆಗಸ್ಟ್ 13ಕ್ಕೆ ನಿಮ್ಮ ಕೇಂದ್ರದ ದೊಡ್ಡ ಹಾಲ್‌ನಲ್ಲಿ ಪ್ರಯೋಗ. ಸುತ್ತಲಿನ ತೊಂಬತ್ತಾರು ಶಿಕ್ಷಕರು. ಇಲ್ಲಿಂದ ಒಬ್ಬ ಒಳ್ಳೆಯ ತರಬೇತುದಾರರನ್ನು ಕಳುಹಿಸುತ್ತಿದ್ದೇನೆ. ಅನಿಸಿಕೆ ಫಾರಂಗಳು ಚೆನ್ನಾಗಿ ಬಂದರೆ ಅಲ್ಲಿಗೆ ಕೆಲಸ ಮುಗಿದ ಹಾಗೆ.

ನಿಮ್ಮ
ಗುಂಡ


ಆಗಸ್ಟ್ 13, ಶನಿವಾರ

ಗುಂಡನಿಗೆ,

ಸಂಜೆ ಆರು. ತೊಂಬತ್ತಾರು ಕುರ್ಚಿ ಹಾಕಿದ್ದೆವು, ತೊಂಬತ್ತಾರೂ ತುಂಬಿದವು. ಮೈಕು ಸರಿಯಾಗಿತ್ತು. ಪರದೆ ಸ್ವಲ್ಪ ಸೊಟ್ಟಗಿತ್ತು, ಅದರ ಕೆಳಗೆ ಇಟ್ಟಿಗೆ ಇಟ್ಟೆ. ನೀನು ಕಳುಹಿಸಿದ ತರಬೇತುದಾರರು ಕೆಟ್ಟವರಲ್ಲ. ನನ್ನ ಜೊತೆ ತಾವೂ ನಾಲ್ಕು ಬೆಂಚು ಎತ್ತಿದರು. ಹತ್ತು ನಿಮಿಷದಲ್ಲಿ ತೊಂಬತ್ತಾರು ಜನರಿಗೆ ಟೀ ಕೊಡಲು ಆಗಲಿಲ್ಲ. ಮೂವತ್ತು ಜನಕ್ಕೆ ಸಿಗಲಿಲ್ಲ.

ಎರಡು ಬಸ್ಸಿನ ಮೇಡಂ ಊಟದ ಮೇಲೆ ಕಾಣಲಿಲ್ಲ. ಬಸ್ಸಿನ ಹೊತ್ತಾಗಿರಬೇಕು.

ಪುಸ್ತಕದ ಮೊದಲ ಹಾಳೆಯಲ್ಲಿ ಅವಳ ಹೆಸರು ನೋಡಿದೆ. ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದೀಯ. ಎಲ್ಲ ಮುಗಿಯಿತು. ಫಾರಂಗಳು ಚೀಲದಲ್ಲಿವೆ.

ನಿನ್ನ ಭಾವ


ಆಗಸ್ಟ್ 24

ಭಾವ,

ತೊಂಬತ್ತಾರರಲ್ಲಿ ತೊಂಬತ್ತನಾಲ್ಕು 'ಅತ್ಯುತ್ತಮ'! ಉಳಿದೆರಡರಲ್ಲಿ ಗುರುತೇ ಹಾಕಿಲ್ಲ, ಮರೆತಿರಬೇಕು. ಈ ಕಚೇರಿಯ ಇತಿಹಾಸದಲ್ಲೇ ಇಂಥ ಫಲಿತಾಂಶ ಬಂದಿಲ್ಲವಂತೆ. ನಿರ್ದೇಶಕರು ಸಿಹಿ ಹಂಚಿಸಿದರು.

ಅಕ್ಕನ ಕೈಪಿಡಿ ಎಲ್ಲ ಕೇಂದ್ರಗಳಿಗೂ ಹೋಗುತ್ತದೆ. ನಾಲ್ಕು ಸಾವಿರ ಪ್ರತಿ. ಅಕ್ಟೋಬರ್‌ನಿಂದ ನೂರ ಇಪ್ಪತ್ತು ಜನರ ತಂಡಗಳು. ಎಲ್ಲವೂ ಕೈಪಿಡಿಯಲ್ಲಿ ಬಂದಿರುವುದರಿಂದ ಶನಿವಾರದ ಸಣ್ಣ ಸಭೆಗಳ ಅಗತ್ಯ ಉಳಿಯಲಿಲ್ಲ. ಅವನ್ನು ನಿಲ್ಲಿಸುವ ಆದೇಶ ಇದೇ ಚೀಲದಲ್ಲಿದೆ. ಬೇಸರ ಮಾಡಿಕೊಳ್ಳಬೇಡಿ. ಹನ್ನೆರಡು ಜನರ ಕೋಣೆಯಿಂದ ಅಕ್ಕ ಸಾವಿರಾರು ಜನರ ಹತ್ತಿರ ಹೋದಳು ಎಂದುಕೊಳ್ಳಿ.

ನಿಮ್ಮ ಕಾಗದ ಚಿಕ್ಕದಾಗಿತ್ತು. ಸಂತೋಷಕ್ಕೆ ನಿಮಗೆ ಮಾತು ಬರಲಿಲ್ಲ ಎಂದುಕೊಂಡೆ.

ಗುಂಡ


ಸೆಪ್ಟೆಂಬರ್ 4, ಭಾನುವಾರ

ಗುಂಡ,

ಬೆಳಗ್ಗೆ ಹತ್ತು. ಇವತ್ತು ಕೇಂದ್ರಕ್ಕೆ ರಜೆ. ಆದೇಶವನ್ನು ನೋಟಿಸ್ ಬೋರ್ಡಿಗೆ ಹಚ್ಚಬೇಕಿತ್ತು. ಹಚ್ಚದೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಬೈಯಿ.

ಫಾರಂಗಳನ್ನು ನಂಬಬೇಡ. ಅವನ್ನು ನಾನು ಬೆಳಗ್ಗೆಯೇ ತುಂಬಿಸಿಕೊಳ್ಳುತ್ತೇನೆ. ಸಂಜೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಆರೂಮುಕ್ಕಾಲಿನವರೆಗೆ ಬೇರೆ ಬಸ್ಸಿಲ್ಲ. ಎಲ್ಲರೂ ಚೀಲ ಹೆಗಲಿಗೇರಿಸಿ ಓಡುತ್ತಾರೆ, ಫಾರಂ ಯಾರು ತುಂಬುತ್ತಾರೆ? ಅದಕ್ಕೇ ಹಾಜರಿಗೆ ಸಹಿ ಹಾಕುವಾಗಲೇ ಅದನ್ನೂ ಕೊಟ್ಟುಬಿಡುತ್ತೇನೆ. ಹನ್ನೊಂದು ವರ್ಷದಿಂದ ಹಾಗೇ. ನಿನ್ನ ಅಕ್ಕನಿಗೂ ಗೊತ್ತಿತ್ತು. "ಮದುವೆಗೆ ಮುಂಚೆನೇ ಸಂಸಾರ ಸುಖವಾಗಿದೆ ಅಂತ ಬರೆಸ್ಕೊಳ್ತಾರೆ ನಮ್ಮನೆಯವರು" ಎಂದು ಎಲ್ಲರ ಮುಂದೆ ನಗಿಸುತ್ತಿದ್ದಳು. ಆಗ ಅದು ಬರೀ ನಗೆಯ ವಿಷಯ. ಸಭೆ ಹೇಗಾಯಿತೆಂದು ಅವಳಿಗೆ ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ನೀವು ಅಲ್ಲಿ ಕೂತು ಅದೇ ಹಾಳೆಗಳನ್ನು ಎಣಿಸುತ್ತೀರೆಂದು ನನಗೆ ಹೊಳೆಯಲೇ ಇಲ್ಲ. ಆಗಸ್ಟ್ 13ರಂದೂ ಬೆಳಗ್ಗೆ ಒಂಬತ್ತೂವರೆಗೆ ತೊಂಬತ್ತಾರೂ ನನ್ನ ಕೈಯಲ್ಲಿದ್ದವು. ಅಷ್ಟು ಹೊತ್ತಿಗೆ ಮೈಕನ್ನೂ ಹಚ್ಚಿರಲಿಲ್ಲ.

ಅವತ್ತು ಆಗಿದ್ದನ್ನು ನಿನಗೆ ಬರೆಯಲಿಲ್ಲ. ಈಗ ಬರೆಯುತ್ತೇನೆ.

ಎರಡು ಬಸ್ಸಿನ ಮೇಡಂ ಎಲ್ಲರಿಗಿಂತ ಮೊದಲು ಬಂದಿದ್ದಳು. ಆ ಬಸ್ಸುಗಳು ಅವಳನ್ನು ತಂದುಬಿಡುವುದೇ ಎಂಟು ಗಂಟೆಗೆ. ಮುಂದಿನ ಸಾಲಿನಲ್ಲಿ ಕೂತಿದ್ದಳು. ತರಬೇತುದಾರರು ಕೈ ಚಾಚಿದಾಗ ಸಿಕ್ಕಿದ್ದು ಅವಳ ನೋಟ್‌ಬುಕ್. ಅದನ್ನು ಪರದೆಯ ಮೇಲೆ ಹಾಕಿದರು. ಆ ಹುಡುಗನ 1005 ಬಾಗಿಲಿನಷ್ಟು ಎತ್ತರ ಆಯಿತು.

"ಈ ಮಗು ಏನು ಅಂದುಕೊಂಡು ಹೀಗೆ ಬರೆದಿದೆ?" ಎಂದು ಕೇಳಿದರು. ಮಾತು ನಿನ್ನ ಅಕ್ಕನದೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ.

ಹಿಂದಿನಿಂದ ಯಾರೋ ಕೂಗಿದರು. "ಮಗೂನ ಯಾಕ್ ಸಾರ್ ಕೇಳ್ತೀರಾ, ಟೀಚರು ಏನ್ ಅಂದ್ಕೊಂಡು ಪಾಠ ಮಾಡಿದ್ರು ಅಂತ ಕೇಳಿ!"

ಹಾಲೆಲ್ಲ ನಕ್ಕಿತು. ತರಬೇತುದಾರರು ಮೈಕಿನಲ್ಲಿ, "ಯಾರದು ಈ ನೋಟ್‌ಬುಕ್?" ಅಂದರು. ಅವಳು ಎದ್ದು ನಿಂತಳು ಗುಂಡ. ಯಾರೂ ಎಬ್ಬಿಸಲಿಲ್ಲ. ನಿನ್ನ ಅಕ್ಕನ ಸಭೆಯಲ್ಲಿ ಎದ್ದು ಹೇಳಿ ಹೇಳಿ ಅಭ್ಯಾಸವಾಗಿತ್ತು. ಸಹಾಯ ಸಿಗುತ್ತದೆ ಎಂದುಕೊಂಡು ಎದ್ದಳು. "ನನ್ನದು ಸಾರ್. ಮೂರು ಸಲ ಹೇಳಿಕೊಟ್ಟೆ" ಅಂದಳು.

"ಮೇಡಂ ಕೈ ಧಾರಾಳ. ಒಂದು ಸೊನ್ನೆ ಜಾಸ್ತಿನೇ ಹಾಕ್ಸಿದಾರೆ!" ಎಂದು ಇನ್ನೊಬ್ಬ. ಮತ್ತೆ ನಗು. ತರಬೇತುದಾರರು, ದಯವಿಟ್ಟು ನಿಶ್ಶಬ್ದ, ಮುಂದಿನ ಚಟುವಟಿಕೆಗೆ ಹೋಗೋಣ, ಎರಡು ನಿಮಿಷ ಆಯಿತು ಎಂದರು. ಪುಸ್ತಕದಲ್ಲಿ ಎರಡು ನಿಮಿಷ ಎಂದಿತ್ತಲ್ಲ. ನಮ್ಮ ಹಳೆಯ ಹತ್ತು ಜನ ಹಾಲಿನ ಹತ್ತು ಮೂಲೆಯಲ್ಲಿ ಚದುರಿ ಕೂತಿದ್ದರು. ಗಣಿತದ ಮೇಷ್ಟ್ರು ಎದ್ದರು, ಮೈಕು ಅವರ ತನಕ ಹೋಗಲಿಲ್ಲ.

ಊಟದ ಹೊತ್ತಿಗೆ ಆ ಮೇಡಂ ನಲ್ಲಿಯ ಹತ್ತಿರ ಸಿಕ್ಕಳು. ಮುಖ ತೊಳೆಯುತ್ತಿದ್ದಳು. "ಅಣ್ಣ, ಮೇಡಂ ಮೊದಲು ತಮ್ಮದೇ ನೋಟ್‌ಬುಕ್ ಇಡ್ತಿದ್ರಲ್ಲ. ಇದು ಅವರದೇ ಪುಸ್ತಕ ಅಂದ್ರು. ಅದರಲ್ಲಿ ಅದು ಇಲ್ವಾ?" ಎಂದು ಕೇಳಿದಳು.

"ಗೊತ್ತಿಲ್ಲಮ್ಮ" ಅಂದೆ.

ಗೊತ್ತಿತ್ತು. ಅದನ್ನು ಬಿಟ್ಟವನು ನಾನು. ಆ ಹದಿನಾರು ಪುಟ ನಿನ್ನ ಅಕ್ಕನವಲ್ಲ, ನನ್ನವು. ಅವಳು ಯಾವ ಯೋಜನೆಯನ್ನೂ ಬರೆದಿಟ್ಟಿರಲಿಲ್ಲ. ನನ್ನ ದಿನಚರಿಯಿಂದ ಬರೆದೆ, ಅವಳ ತಪ್ಪುಗಳು ಜನರ ಬಾಯಿಗೆ ಬೀಳಬಾರದೆಂದು ಆ ಒಂದು ಮಾತನ್ನು ಮುಚ್ಚಿಟ್ಟೆ. ಅವಳ ಮಾನ ಕಾಯಲು ಹೋಗಿ ಈ ಹುಡುಗಿಯ ಮಾನ ಕಳೆದೆ. ನಲವತ್ತು ನಿಮಿಷದ ಟೀ ಕೂಡ ತಪ್ಪಲ್ಲ. ಯಾರಾದರೂ ಅಳುತ್ತಿದ್ದರೆ ತಟ್ಟೆ ಹಿಡಿದು ಹೊರಗೇ ನಿಂತಿರಿ ಎಂದು ಹೇಳಿದ್ದಳು.

ಆ ಮೇಡಂ ಬೆಳಗ್ಗೆ ತುಂಬಿದ ಫಾರಂ ನಿನ್ನ ತೊಂಬತ್ತನಾಲ್ಕರಲ್ಲಿದೆ. 'ಅತ್ಯುತ್ತಮ' ಎಂದು ಗುರುತು ಹಾಕಿ, ಕೆಳಗೆ 'ನಮ್ಮ ಮೇಡಂ ನೆನಪಾದರು' ಎಂದು ಬರೆದಿದ್ದಾಳೆ. ಹುಡುಕಿ ನೋಡು.

ನಾನು ಓದಿದವನಲ್ಲ. ನಿನ್ನ ಕಚೇರಿಯ ರೀತಿ ನನಗೆ ತಿಳಿಯದು. ಸಭೆಯನ್ನು ಉಳಿಸು. ಅದಾಗದಿದ್ದರೆ ಒಂದೇ ಒಂದು ಸಾಲನ್ನಾದರೂ ಪುಸ್ತಕಕ್ಕೆ ಸೇರಿಸು: ಮೊದಲು ನಡೆಸುವವರ ಸ್ವಂತ ತರಗತಿಯ ನೋಟ್‌ಬುಕ್ ಇಡಬೇಕು, ಅವರ ತಪ್ಪನ್ನು ಮೊದಲು ನೋಡಬೇಕು. ಅಷ್ಟೂ ಆಗದಿದ್ದರೆ ಅವಳ ಹೆಸರು ತೆಗೆದುಬಿಡು.

ನಿನ್ನ ಭಾವ


ಸೆಪ್ಟೆಂಬರ್ 19

ಭಾವನವರಿಗೆ,

ನಿಮ್ಮ ಕಾಗದವನ್ನು ಓದಿ ಹರಿದು ಹಾಕಿದ್ದೇನೆ. ತಪಾಲು ಚೀಲವನ್ನು ಇಲ್ಲಿ ಯಾರು ಬೇಕಾದರೂ ತೆರೆಯುತ್ತಾರೆ. ಫಾರಂ ವಿಷಯವನ್ನು ಇನ್ನು ಮುಂದೆ ಬಾಯಿಬಿಟ್ಟು ಹೇಳಬೇಡಿ, ಬರೆಯಬೇಡಿ. ನಿಮಗೆ ಇನ್ನೂ ಮೂರು ವರ್ಷ ನೌಕರಿ ಇದೆ.

ಮೂರು ದಿನ ನಿಮ್ಮ ಮೇಲೆ ಕೋಪವಿತ್ತು. ಆಮೇಲೆ ನಿರ್ದೇಶಕರ ಹತ್ತಿರ ಹೋದೆ. ಹದಿನಾರು ಪುಟದ ವಿಷಯ ಹೇಳಲಿಲ್ಲ, ಹೇಳಲಾರೆ. ಆ ಒಂದು ಸಾಲನ್ನು ಸೇರಿಸೋಣ ಎಂದು ಮಾತ್ರ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ಸೇರಿಸಬಹುದು. ಆದರೆ ನಮ್ಮ ತರಬೇತುದಾರರು ಯಾವ ತರಗತಿಯ ನೋಟ್‌ಬುಕ್ ಇಡಬೇಕು? ಅವರಲ್ಲಿ ಒಬ್ಬರಿಗಾದರೂ ತರಗತಿ ಇದೆಯಾ?" ಎಂದು ಕೇಳಿದರು.

ಇಲ್ಲ ಭಾವ. ಅವರು ಪಾಠ ಮಾಡಿ ಆರು ವರ್ಷ, ಎಂಟು ವರ್ಷ ಆಗಿದೆ. ನಾನು ಬಿಟ್ಟು ಹದಿನಾಲ್ಕು. ನಮ್ಮ ಹತ್ತಿರ ತೋರಿಸಲು ಒಂದು ತಪ್ಪೂ ಇಲ್ಲ. ಬಾಗಿಲು ಹಾಕಿಕೊಂಡು ಹೊರಗೆ ಬಂದೆ.

ನಾಲ್ಕು ಸಾವಿರ ಪ್ರತಿ ಅಚ್ಚಾಗಿ ಬಂದಿವೆ. ಹೆಸರು ತೆಗೆಯಲು ಆಗುವುದಿಲ್ಲ. ನಿಜ ಹೇಳಬೇಕೆಂದರೆ, ಆಗುವಂತಿದ್ದರೂ ತೆಗೆಸುತ್ತಿರಲಿಲ್ಲ. ಅಕ್ಕ ಆಸ್ಪತ್ರೆಯಲ್ಲಿದ್ದಾಗ ನಾನು ಬೇರೊಂದು ತರಬೇತಿಯ ಪುಸ್ತಕ ಮುಗಿಸುತ್ತಿದ್ದೆ. ಇನ್ನೆರಡು ದಿನ, ಇನ್ನೆರಡು ದಿನ ಎಂದು ಮೂರು ವಾರವಾಯಿತು. ಆ ಪುಸ್ತಕವನ್ನು ಈಗ ಯಾರೂ ತೆರೆಯುವುದಿಲ್ಲ. ಇದಕ್ಕಾದರೂ ಅವಳ ಹೆಸರಿರಲಿ.

ಅವಳು ನನ್ನನ್ನು ಕೇಳಿದ್ದಳಾ? ಅದನ್ನೊಂದು ಹೇಳಿ.

ಗುಂಡ


ಅಕ್ಟೋಬರ್ 7, ಶುಕ್ರವಾರ

ಗುಂಡನಿಗೆ ಆಶೀರ್ವಾದ.

ಸಂಜೆ ಐದೂವರೆ. ಬೆಳಗ್ಗಿನಿಂದ ಹಾಲ್ ಒರೆಸಿದ್ದಾಯಿತು, ಪುಸ್ತಕದ ಕಟ್ಟುಗಳನ್ನು ಬಿಚ್ಚಿ ಜೋಡಿಸಿದ್ದಾಯಿತು. ಹಗ್ಗ ಕತ್ತರಿಸುವಾಗ ಮೇಲಿನ ಒಂದು ಪ್ರತಿಯ ರಟ್ಟಿಗೆ ಕತ್ತಿ ತಾಗಿತು. ಅದನ್ನು ನನಗೆ ಇಟ್ಟುಕೊಂಡೆ.

ನಿನ್ನ ಪ್ರಶ್ನೆಗೆ ಮೊದಲು ಉತ್ತರ. ಆ ಮೂರು ವಾರ ಅವಳಿಗೆ ಎಚ್ಚರ ಇದ್ದದ್ದೇ ಕಡಿಮೆ. ಯಾರನ್ನೂ ಕೇಳಲಿಲ್ಲ. ನೀನು ಇದನ್ನು ಮನಸ್ಸಿನಿಂದ ತೆಗೆದುಹಾಕು.

ಕಳೆದ ಶನಿವಾರ ಬೇರೆ ವಿಷಯದ ತರಬೇತಿಯೊಂದಿತ್ತು, ನಲವತ್ತು ಜನ. ಫಾರಂಗಳನ್ನು ಬೆಳಗ್ಗೆ ಕೊಡಲಿಲ್ಲ. ಸಂಜೆ ಬಾಗಿಲಲ್ಲಿ ನಿಂತು ಕೊಟ್ಟೆ. ಏಳು ಜನ ತುಂಬಿದರು, ಉಳಿದವರು ಬಸ್ಸಿಗೆ ಓಡಿದರು. ಏಳರಲ್ಲಿ ನಾಲ್ಕು 'ಸಾಧಾರಣ'. ಮಂಗಳವಾರ ನಿನ್ನ ಕಚೇರಿಯಿಂದ ಫೋನು ಬಂತು, ಮೂವತ್ಮೂರು ಕಡಿಮೆ ಇವೆ, ನಿಮ್ಮ ಕೇಂದ್ರ ಯಾವತ್ತೂ ಹೀಗೆ ಮಾಡಿರಲಿಲ್ಲವಲ್ಲ ಎಂದು. ಮೂವತ್ಮೂರು ಹಾಳೆಯನ್ನು ಶಾಲೆ ಶಾಲೆಗೆ ಕಳುಹಿಸಿ ತರಿಸಿದೆ. ಎಲ್ಲವೂ 'ಅತ್ಯುತ್ತಮ'. ಒಬ್ಬರು ಅವತ್ತು ಬಂದೇ ಇರಲಿಲ್ಲ. ಅವರದೂ 'ಅತ್ಯುತ್ತಮ'.

ಎರಡು ಬಸ್ಸಿನ ಮೇಡಂ ಮೊನ್ನೆ ಬಂದಿದ್ದಳು. ಶಾಲೆ ಬಿಡುತ್ತಾಳೆ. ಪಟ್ಟಣದ ಯಾವುದೋ ಕಚೇರಿಯಲ್ಲಿ ಕಾಗದಪತ್ರ ನೋಡುವ ಕೆಲಸವಂತೆ. "ಒಂದೇ ಬಸ್ಸು ಅಣ್ಣ. ಇನ್ನು ನನ್ನ ಹೆಸರು ಬದಲಿಸಬೇಕಾಗತ್ತೆ" ಎಂದು ನಕ್ಕಳು. ಆ ಹುಡುಗನ ವಿಷಯ ಕೇಳಿದೆ. ಇನ್ನೂ ಹಾಗೇ ಬರೆಯುತ್ತಾನಂತೆ. ನೂರು ಬರೆದು ಪಕ್ಕದಲ್ಲಿ ಐದು ಇಡುತ್ತಾನೆ, ನಾವು ಹೇಳುವುದೂ ಹಾಗೇ ತಾನೇ, ನೂರು, ಆಮೇಲೆ ಐದು, ಕಿವಿಗೆ ಬಿದ್ದಂತೆಯೇ ಬರೆಯುತ್ತಾನೆ ಅಂದಳು.

ನಾನು ಅವಳ ಮುಖ ನೋಡಿದೆ. ಗುಂಡ, ನಿನ್ನ ಅಕ್ಕ ಬಯಸುತ್ತಿದ್ದ ಉತ್ತರ ಅದೇ. ಮಗು ಏನು ಅಂದುಕೊಂಡು ಬರೆದಿದೆ ಎಂಬುದನ್ನು ಈ ಮೇಡಂ ಒಬ್ಬಳೇ, ಆ ಬಿರುಕು ಗೋಡೆಯ ಮುಂದೆ ಕೂತು ಕಂಡುಕೊಂಡಿದ್ದಳು. ಇದು ಗೊತ್ತಾದ ಮೇಲೆ ಸೋಮವಾರ ತರಗತಿಯಲ್ಲಿ ಏನು ಮಾಡಬೇಕು ಎಂಬುದು ಮುಂದಿನ ಮಾತು. ಆ ಮಾತು ಮೇಜಿನ ಸುತ್ತ ಆಗುತ್ತಿತ್ತು, ಟೀ ಆದ ಮೇಲೆ. ಅಷ್ಟು ಹೊತ್ತಿಗೆ ನಾನು ಲೋಟ ತೊಳೆಯಲು ಹೋಗಿಬಿಡುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಆ ಭಾಗವನ್ನು ನಾನು ಒಮ್ಮೆಯೂ ಕೇಳಿಸಿಕೊಂಡಿಲ್ಲ. ನನ್ನ ದಿನಚರಿಯಲ್ಲೂ ಇಲ್ಲ, ಆದ್ದರಿಂದ ನಿನ್ನ ಪುಸ್ತಕದಲ್ಲೂ ಇಲ್ಲ.

"ನೀನು ಕಂಡುಹಿಡಿದೆಯಲ್ಲಮ್ಮ, ಬಿಡಬೇಡ" ಅಂದೆ.

"ಕಂಡುಹಿಡಿದು ಯಾರಿಗೆ ಹೇಳಲಿ?" ಅಂದಳು. ಜಗಳಕ್ಕೆ ಕೇಳಿದ್ದಲ್ಲ. ನಿಜವಾಗಿಯೂ ಯಾರಿಗೆ ಎಂದು ಕೇಳಿದಳು. ಅವಳ ಜೊತೆ ಬಸ್ ನಿಲ್ದಾಣದ ತನಕ ನಡೆದೆ. ಬಸ್ಸು ಬಂತು.

ಆದೇಶವನ್ನು ಬೋರ್ಡಿಗೆ ಹಚ್ಚಿದ್ದೇನೆ. ಸಣ್ಣ ಕೋಣೆಯಲ್ಲಿ ಈಗ ಪುಸ್ತಕದ ಕಟ್ಟುಗಳಿವೆ, ಮೇಜು ಕಾಣುವುದಿಲ್ಲ. ಗಣಿತದ ಮೇಷ್ಟ್ರು ನಿನ್ನೆ ಬಂದು ಇಣುಕಿ ನೋಡಿ ಹೋದರು.

ನೀನು ಊಟ ನಿದ್ದೆ ಬಿಡಬೇಡ. ನಿನ್ನ ತಪ್ಪು ಎಷ್ಟು, ನನ್ನದು ಎಷ್ಟು ಎಂದು ತೂಗಿ ನೋಡುವುದು ಬೇಡ. ನನಗೆ ಬೇಸರ ಇಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ, ಅದಕ್ಕೆ ಬರೆಯುವುದಿಲ್ಲ.

ನಾಳೆ ನೂರ ಇಪ್ಪತ್ತು ಜನ ಬರುತ್ತಾರೆ. ನೀರಿನ ಟ್ಯಾಂಕನ್ನು ಏಳು ಗಂಟೆಯೊಳಗೆ ತುಂಬಿಸಬೇಕು.

ನಿನ್ನ ಭಾವ